ಕೊಡಗಿನ ಮನೆಗೆ ಯಾವ ಪೇಪರ್, ಯಾವ ಟಿವಿ? ದುಡ್ಡು ಯಾರದ್ದು, ದಾರಿ ಯಾವುದು ಅಂತ ಮೊದಲು ನೋಡಿ

ಹೋದ ತಿಂಗಳು ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದು ಈಗ ಗಂಡನ ಜೊತೆ ನಾಪೋಕ್ಲು ಹತ್ತಿರದ ತೋಟದ ಮನೆಗೆ ಬಂದು ಸೇರಿದ್ದಾಳೆ. "ಅಣ್ಣಾ, ಯಾವ ಪೇಪರ್ ಹಾಕಿಸ್ಲಿ? ಡಿಶ್ ಹಾಕಿಸ್ಲಾ, ಕೇಬಲ್ ಎಳೆಸ್ಲಾ?" ಅಂತ ಒಂದೇ ಉಸಿರಿಗೆ ಕೇಳಿದಳು.

ನನ್ನನ್ನೇ ಕೇಳಲು ಕಾರಣ ಇದೆ. ನಮ್ಮ ಮಾವ ಸುಂಟಿಕೊಪ್ಪದಲ್ಲಿ ಪೇಪರ್ ಏಜೆಂಟ್ ಆಗಿದ್ದರು. ಶಾಲೆಗೆ ರಜೆ ಬಂದರೆ ನನಗೆ ಅಲ್ಲೇ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದು ಬಂಡಲ್ ಬಿಚ್ಚಬೇಕು, ಪುರವಣಿ ಒಳಗೆ ಸೇರಿಸಬೇಕು, ಎಣಿಸಿ ಸೈಕಲ್ ಹುಡುಗರಿಗೆ ಕೊಡಬೇಕು. ಒಂದು ಪ್ರತಿಯಲ್ಲಿ ಮಾವನಿಗೆ ಉಳಿಯುತ್ತಿದ್ದದ್ದು ಪೈಸೆ ಲೆಕ್ಕ. ಅದರಲ್ಲೇ ನೆನೆದುಹೋದ ಪೇಪರಿನ ನಷ್ಟವೂ ಕಳೆಯಬೇಕು. ಮಳೆಗಾಲದಲ್ಲಿ ಅವರ ಮುಖ ನೋಡುವ ಹಾಗಿರುತ್ತಿರಲಿಲ್ಲ.

ಫೋನಿನಲ್ಲಿ ಅವಳಿಗೆ ಏನೋ ಒಂದು ಹೇಳಿ ಮುಗಿಸಿದೆ. ಸರಿಯಾಗಿ ಹೇಳುವುದಾದರೆ ಇಷ್ಟು ಹೇಳಬೇಕಿತ್ತು.

ಯಾವುದು ಒಳ್ಳೆಯ ಪೇಪರ್ ಅಂತ ಕೇಳಿದರೆ ಪ್ರತಿಯೊಬ್ಬರೂ ತಾವು ಓದುವುದನ್ನೇ ಹೇಳುತ್ತಾರೆ. ಹಾಗಾಗಿ ನಾನು ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಇದು ನಿಮ್ಮ ಗೇಟಿನವರೆಗೆ ಯಾವ ದಾರಿಯಲ್ಲಿ ಬರುತ್ತದೆ? ಇದನ್ನು ನಡೆಸುವ ದುಡ್ಡು ಯಾರ ಜೇಬಿನದು?

ದಾರಿಯ ಲೆಕ್ಕ

ಕೊಡಗಿಗೆ ರೈಲಿಲ್ಲ. ಏನೇ ಬಂದರೂ ರಸ್ತೆಯಲ್ಲೇ ಬರಬೇಕು. ರಾಜ್ಯಮಟ್ಟದ ಪೇಪರುಗಳು ಮೈಸೂರು, ಮಂಗಳೂರು, ಬೆಂಗಳೂರು ಕಡೆ ಅಚ್ಚಾಗಿ ರಾತ್ರೋರಾತ್ರಿ ವ್ಯಾನಿನಲ್ಲೋ ಬಸ್ಸಿನಲ್ಲೋ ಮೇಲೆ ಹತ್ತುತ್ತವೆ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಮಂಗಳೂರಿನಿಂದ ಇನ್ನೂ ಸ್ವಲ್ಪ ಜಾಸ್ತಿ, ಜೊತೆಗೆ ಸಂಪಾಜೆ ಘಟ್ಟ ಬೇರೆ. ಅಲ್ಲಿಂದ ನಾಪೋಕ್ಲು, ಭಾಗಮಂಡಲ, ಶ್ರೀಮಂಗಲ, ಕುಟ್ಟ, ಶನಿವಾರಸಂತೆ ಅಂತ ಬಂಡಲ್‌ಗಳು ಒಡೆದು ಹೋಗಬೇಕು.

ಇದರಿಂದ ಏನಾಗುತ್ತದೆ ಅಂದರೆ, ದೂರದ ಊರಿಗೆ ಹೋಗುವ ಆವೃತ್ತಿಯನ್ನು ಬೇಗ ಅಚ್ಚಿಗೆ ಬಿಡಬೇಕಾಗುತ್ತದೆ. ರಾತ್ರಿ ಹತ್ತೂವರೆಗೆ ಮಾಕುಟ್ಟ ರಸ್ತೆಯಲ್ಲಿ ಮರ ಬಿತ್ತು ಅಂದುಕೊಳ್ಳಿ. ನಾಳೆಯ ಪೇಪರಿನಲ್ಲಿ ಅದು ಬರುತ್ತದೋ ಇಲ್ಲವೋ ಹೇಳುವ ಹಾಗಿಲ್ಲ. ನಾಡಿದ್ದು ಬಂದಾಗ ಮರ ಕಡಿದು ಸೌದೆ ಆಗಿರುತ್ತದೆ.

2018ರ ಆಗಸ್ಟ್ ನೆನಪಿದೆ ಅಲ್ವಾ? ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಕುಸಿದವು. ಮಡಿಕೇರಿ ಮತ್ತು ಸಂಪಾಜೆ ನಡುವಿನ ಹೆದ್ದಾರಿ ಎಷ್ಟೋ ದಿನ ಮುಚ್ಚಿತ್ತು. ಮಂಗಳೂರಿನಿಂದ ಏನೇ ಬರಬೇಕಾದರೂ ಸುತ್ತಿ ಬಳಸಿ ಬರಬೇಕಾಗಿತ್ತು. ಇಡೀ ರಾಜ್ಯ ಕೊಡಗಿನ ಸುದ್ದಿ ಓದುತ್ತಿದ್ದ ಆ ದಿನಗಳಲ್ಲಿ ನಮ್ಮ ಕಡೆ ಎಷ್ಟೋ ಮನೆಗಳಿಗೆ ಪೇಪರ್ರೇ ಇರಲಿಲ್ಲ.

ಇಲ್ಲೇ ಅಚ್ಚಾಗುವ ಪೇಪರಿನ ಬೆಲೆ ಗೊತ್ತಾಗುವುದು ಇಂಥ ಕಡೆ. ಮಡಿಕೇರಿಯಿಂದ ಬರುವ 'ಶಕ್ತಿ'ಯನ್ನು 1957ರಲ್ಲಿ ಬಿ.ಎಸ್. ಗೋಪಾಲಕೃಷ್ಣ ಶುರು ಮಾಡಿದರು. ಹೊರಗಿನಿಂದ ಬಂದವರಿಗೆ ಅದರ ಪುಟಗಳು ವಿಚಿತ್ರವಾಗಿ ಕಾಣುತ್ತವೆ. ಯಾರದೋ ಮನೆಯ ನಾಯಿ ಕಳೆದದ್ದು, ಯಾವುದೋ ಊರಿನ ಸಹಕಾರ ಸಂಘದ ಮಹಾಸಭೆ, ಕಾಫಿ ಮತ್ತು ಕರಿಮೆಣಸಿನ ಧಾರಣೆ, ಇಂಚಿನ ಲೆಕ್ಕದಲ್ಲಿ ಮಳೆ. ಸರ್ಕಾರ ಮಿಲಿಮೀಟರ್ ಅನ್ನಲಿ, ಕೊಡಗಿನವರಿಗೆ ಮಳೆ ಅಂದರೆ ಇಂಚೇ. ಮತ್ತೆ ಸಾವಿನ ಸುದ್ದಿ. ನಗಬೇಡಿ. ತೋಟಗಳ ನಡುವೆ ಮೈಲಿಗೊಂದು ಮನೆ ಇರುವ ಜಿಲ್ಲೆಯಲ್ಲಿ ಯಾರು ತೀರಿಕೊಂಡರು, ಮಣ್ಣು ಎಷ್ಟು ಹೊತ್ತಿಗೆ ಅನ್ನುವುದು ಮೊದಲು ಬೇಕಾದ ಸುದ್ದಿ. ನಮ್ಮ ಅಮ್ಮ ಆ ಪುಟ ನೋಡಿ ಮುಗಿಸದೆ ಕಾಫಿ ಲೋಟ ಕೆಳಗಿಡುವುದಿಲ್ಲ.

ಕೊರತೆಯೂ ಇದೆ. ಬಜೆಟ್, ಹೈಕೋರ್ಟು, ದೇಶದ ರಾಜಕೀಯ ಬೇಕು ಅಂದರೆ ಜಿಲ್ಲೆಯ ಪೇಪರ್ ಒಂದರಿಂದ ಆಗದು. ಆದ್ದರಿಂದ ಸ್ಥಳೀಯ ಪೇಪರ್ ಒಂದು, ರಾಜ್ಯದ್ದು ಒಂದು ಅಂತ ಜೋಡಿ ಹಾಕಿಸಿ ಅಂತಲೇ ನನ್ನ ಸಲಹೆ. ಒಂದೇ ಸಾಕು ಅಂದರೆ ಸ್ಥಳೀಯದ್ದನ್ನೇ ಇಟ್ಟುಕೊಳ್ಳಿ. ದೆಹಲಿಯ ಸುದ್ದಿ ಹೇಗೂ ಫೋನಿಗೆ ಬರುತ್ತದೆ. ಪಕ್ಕದ ಊರಿನ ಸುದ್ದಿ ಬರುವುದಿಲ್ಲ.

ರಾಜ್ಯದ ಪೇಪರುಗಳು ಯಾರ ಮನೆಯವು

ಯಾವ ಪೇಪರಿನದ್ದಾದರೂ ಕೊನೆಯ ಪುಟದ ಬುಡ ನೋಡಿ. ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಅಂತ ಇರುತ್ತದೆ. ಮುದ್ರಕರು, ಪ್ರಕಾಶಕರ ಹೆಸರು ಹಾಕುವುದು 1867ರಿಂದಲೂ ಕಾನೂನಿನ ಕಟ್ಟಲೆ. ಆ ಹಳೆಯ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು 2024ರ ಮಾರ್ಚ್ 1ರಿಂದ ಜಾರಿಯಾಗಿದೆ. ಇನ್ನೊಂದು ಇದೆ. ಹಳೆಯ ಪೇಪರಿನ ಕಟ್ಟು ಮನೆಯಲ್ಲಿದ್ದರೆ ಮಾರ್ಚ್ ತಿಂಗಳ ಮೊದಲ ದಿನಗಳದ್ದು ತೆಗೆದು ನೋಡಿ. 'ನಮೂನೆ 4' ಅಂತ ಒಂದು ಸಣ್ಣ ಪ್ರಕಟಣೆ ಸಿಗುತ್ತದೆ. ಮಾಲೀಕರು ಯಾರು, ಶೇಕಡಾ ಒಂದಕ್ಕಿಂತ ಹೆಚ್ಚು ಷೇರು ಯಾರ ಹತ್ತಿರ ಇದೆ ಅಂತ ಅದರಲ್ಲಿ ಬರೆಯಬೇಕಿತ್ತು. ಇಷ್ಟು ವರ್ಷ ಪೇಪರ್ ಮಡಚಿದರೂ ನಾನು ಅದನ್ನು ಓದಿದ್ದು ನಲವತ್ತು ದಾಟಿದ ಮೇಲೆ.

ಈಗ ಹೋಲಿಸಿ. 'ಪ್ರಜಾವಾಣಿ' 1948ರಲ್ಲಿ ಶುರುವಾಯಿತು. ಅದರದ್ದು ದಿ ಪ್ರಿಂಟರ್ಸ್ ಮೈಸೂರು ಅನ್ನುವ ಖಾಸಗಿ ಕಂಪನಿ, ಸ್ಥಾಪಕರು ಕೆ.ಎನ್. ಗುರುಸ್ವಾಮಿ. 'ಡೆಕ್ಕನ್ ಹೆರಾಲ್ಡ್', 'ಸುಧಾ', 'ಮಯೂರ' ಎಲ್ಲ ಅದೇ ಮನೆ. 'ಉದಯವಾಣಿ' 1970ರಲ್ಲಿ ಮಣಿಪಾಲದಿಂದ ಹೊರಟಿತು, ಈಗಲೂ ಅದು ಮಣಿಪಾಲದ ಪೈ ಕುಟುಂಬದ ಸಂಸ್ಥೆಯದ್ದೇ. 'ಸಂಯುಕ್ತ ಕರ್ನಾಟಕ'ವನ್ನು ಹುಬ್ಬಳ್ಳಿಯ ಲೋಕ ಶಿಕ್ಷಣ ಟ್ರಸ್ಟ್ ನಡೆಸುತ್ತದೆ. 'ವಾರ್ತಾಭಾರತಿ' 2003ರಲ್ಲಿ ಮಂಗಳೂರಿನಲ್ಲಿ ಶುರುವಾದದ್ದು, ಅದೂ ಟ್ರಸ್ಟಿನದ್ದೇ. 'ಹೊಸದಿಗಂತ' ಮಂಗಳೂರಿನಲ್ಲೇ ಹುಟ್ಟಿದ್ದು, ಸಂಘ ಪರಿವಾರದ ವಿಚಾರಕ್ಕೆ ಹತ್ತಿರದ್ದು, ಅದನ್ನು ಅದು ಮುಚ್ಚಿಡುವುದೂ ಇಲ್ಲ.

'ವಿಜಯ ಕರ್ನಾಟಕ'ದ ಕಥೆ ಸ್ವಲ್ಪ ಉದ್ದ ಹೇಳಬೇಕು. ಪೇಪರ್ ಅಂದರೆ ಅರ್ಧ ಬರವಣಿಗೆ, ಅರ್ಧ ಸಾಗಾಟ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1999ರಲ್ಲಿ ಅದನ್ನು ಶುರು ಮಾಡಿದ ವಿಜಯ ಸಂಕೇಶ್ವರ ಲಾರಿ ಕಂಪನಿಯ ಮಾಲೀಕರು. ಊರೂರಿಗೆ ಸಾಮಾನು ಮುಟ್ಟಿಸುವ ಲೆಕ್ಕಾಚಾರ ಅವರಿಗೆ ಕರತಲಾಮಲಕ. ಕಡಿಮೆ ಬೆಲೆ ಇಟ್ಟರು, ಜಿಲ್ಲೆ ಜಿಲ್ಲೆಗೆ ಪುಟ ಕೊಟ್ಟರು, ಕೆಲವೇ ವರ್ಷಗಳಲ್ಲಿ ಮೊದಲ ಸ್ಥಾನಕ್ಕೆ ಬಂದರು. ಮಾವನ ಅಂಗಡಿಯಲ್ಲಿ ಆ ವರ್ಷಗಳಲ್ಲಿ ಬಂಡಲ್‌ಗಳ ಎತ್ತರ ವಾರ ವಾರಕ್ಕೂ ಬದಲಾಗುತ್ತಿತ್ತು. 2006ರಲ್ಲಿ ಅದು ಟೈಮ್ಸ್ ಗುಂಪಿಗೆ, ಅಂದರೆ ಮುಂಬೈನ ಬೆನೆಟ್ ಕೋಲ್ಮನ್ ಕಂಪನಿಗೆ ಮಾರಾಟವಾಯಿತು. ಹೆಸರು ಅದೇ ಉಳಿಯಿತು, ಮಾಲೀಕರು ಬೇರೆ. ಮುಂದೆ 2012ರಲ್ಲಿ ಸಂಕೇಶ್ವರರು 'ವಿಜಯವಾಣಿ' ತಂದರು. ಅವರು ಬಿಜೆಪಿಯಿಂದ ಸಂಸದರೂ ಆಗಿದ್ದವರು. ಇನ್ನು 'ಕನ್ನಡಪ್ರಭ' ಹುಟ್ಟಿದ್ದು 1967ರಲ್ಲಿ, ಎಕ್ಸ್‌ಪ್ರೆಸ್ ಗುಂಪಿನಿಂದ. ಆಮೇಲೆ ಬಿಜೆಪಿ ನಾಯಕ ರಾಜೀವ್ ಚಂದ್ರಶೇಖರ್ ಅವರ ಏಷ್ಯಾನೆಟ್ ಕಡೆ ಬಂತು. ಸುವರ್ಣ ನ್ಯೂಸ್ ಚಾನೆಲ್ ಕೂಡ ಅದೇ ಬಳಗ.

ಮೈಸೂರಿನ ಪೇಪರುಗಳನ್ನು ಮರೆಯಬೇಡಿ. 'ಆಂದೋಲನ' ಕಟ್ಟಿದವರು ರಾಜಶೇಖರ ಕೋಟಿ. 'ಮೈಸೂರು ಮಿತ್ರ', 'ಸ್ಟಾರ್ ಆಫ್ ಮೈಸೂರ್' ಕಟ್ಟಿದ ಕೆ.ಬಿ. ಗಣಪತಿ ಕೊಡಗಿನವರೇ. ಕುಶಾಲನಗರ, ಗೋಣಿಕೊಪ್ಪ ಕಡೆಯವರ ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ ಎಲ್ಲ ಮೈಸೂರಿನಲ್ಲೇ. ಅಂಥವರಿಗೆ ಇವು ರಾಜ್ಯದ ದೊಡ್ಡ ಪೇಪರಿಗಿಂತ ಜಾಸ್ತಿ ಉಪಯೋಗಕ್ಕೆ ಬರಬಹುದು.

ಕುಟುಂಬದ್ದು ಒಳ್ಳೆಯದು, ಕಂಪನಿಯದ್ದು ಕೆಟ್ಟದ್ದು, ಟ್ರಸ್ಟಿನದ್ದು ಶುದ್ಧ ಅಂತ ಏನೂ ಇಲ್ಲ. ಸುಮ್ನೆ ಯಾರದ್ದು ಅಂತ ಗೊತ್ತಿದ್ದರೆ ಓದುವಾಗ ಎಲ್ಲಿ ನಿಧಾನ ಮಾಡಬೇಕು ಅಂತ ಗೊತ್ತಾಗುತ್ತದೆ. ಮಾಲೀಕರ ಪಕ್ಷದ ಸುದ್ದಿಯನ್ನು ಆ ಪೇಪರಿನಲ್ಲಿ ಎರಡು ಸಲ ಓದಿ, ಕ್ರಿಕೆಟ್ ಸುದ್ದಿ ಒಂದೇ ಸಲ ಸಾಕು.

ನೀವು ಕೊಡುವ ದುಡ್ಡು ಎಲ್ಲಿಗೂ ಸಾಲದು

ಪೇಪರಿನ ಮುಖಬೆಲೆಗೆ ಕಾಗದ, ಮಸಿ, ಡೀಸೆಲ್ ಸಾಕಾಗುವುದಿಲ್ಲ. ಅದರಲ್ಲೇ ಏಜೆಂಟರ ಕಮಿಷನ್, ಹುಡುಗನ ಸಂಬಳ ಕಳೆಯಬೇಕು. ಉಳಿದದ್ದನ್ನು ತುಂಬುವುದು ಜಾಹೀರಾತು. ಹಾಗಾಗಿ ಜಾಹೀರಾತು ಯಾರದ್ದು ಅಂತ ನೋಡಿದರೆ ಪೇಪರಿನ ನಾಡಿ ಸಿಕ್ಕ ಹಾಗೆ.

ಒಂದು ಭಾನುವಾರ ಕೆಲಸವಿಲ್ಲದೆ ಟೇಪ್ ಹಿಡಿದು ಅಳೆಯಲು ಕೂತೆ. ದೊಡ್ಡ ಪೇಪರಿನಲ್ಲಿ ಮುಖಪುಟ ತಿರುಗಿಸಿದರೆ ಇನ್ನೊಂದು ಮುಖಪುಟ, ಮೊದಲನೆಯದು ಪೂರ್ತಿ ಬೆಂಗಳೂರಿನ ಸೈಟಿನ ಜಾಹೀರಾತು. ಒಳಗೆ ಚಿನ್ನದ ಅಂಗಡಿ, ಕಾರು, ಕೋಚಿಂಗ್ ಸೆಂಟರ್, ಸರ್ಕಾರದ ಸಾಧನೆಯ ಪುಟ. ಸ್ಥಳೀಯ ಪೇಪರಿನಲ್ಲಿ ಶ್ರದ್ಧಾಂಜಲಿ, ಕಾಫಿ ಗಿಡ ಮಾರಾಟಕ್ಕಿದೆ, ಲೈನ್ ಮನೆಗೆ (ತೋಟದ ಕೆಲಸದವರ ಸಾಲು ಮನೆ) ಕೆಲಸದವರು ಬೇಕು, ಗೊಬ್ಬರದ ಅಂಗಡಿ, ಪಂಚಾಯಿತಿಯ ಟೆಂಡರ್. ಒಂದರ ಹಣ ದೊಡ್ಡ ಕೈಗಳಿಂದ, ಇನ್ನೊಂದರದ್ದು ನೂರಾರು ಸಣ್ಣ ಕೈಗಳಿಂದ. ಸಣ್ಣ ಕೈಗಳದ್ದೂ ಒಂದು ತೊಂದರೆ ಇದೆ. ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಜಾಹೀರಾತು ಕೊಡುವ ರೆಸಾರ್ಟಿನ ಬಗ್ಗೆ ಕಟುವಾಗಿ ಬರೆದರೆ ನಾಳೆ ಮದುವೆ ಮನೆಯಲ್ಲಿ ಅವರ ಪಕ್ಕದಲ್ಲೇ ಊಟಕ್ಕೆ ಕೂರಬೇಕು.

ಸರ್ಕಾರದ ಜಾಹೀರಾತು ಬೇರೆಯೇ ವಿಷಯ. ರಾಜ್ಯದ್ದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಿಂದ, ಕೇಂದ್ರದ್ದು ಕೇಂದ್ರ ಸಂವಹನ ಬ್ಯೂರೊದಿಂದ ಹಂಚಿಕೆ ಆಗುತ್ತದೆ. ಸಣ್ಣ ಪೇಪರಿಗೆ ಇದು ಉಸಿರು, ದೊಡ್ಡ ಪೇಪರಿಗೂ ಬಿಡಲಾಗದ ರುಚಿ.

ಒಂದು ಎಚ್ಚರ ಹೇಳಿಬಿಡುತ್ತೇನೆ. ಸುದ್ದಿಯ ಹಾಗೇ ಅಚ್ಚು ಹಾಕಿದ ಪುಟದ ಮೂಲೆಯಲ್ಲಿ 'ಜಾಹೀರಾತು' ಅಥವಾ 'ವಿಶೇಷ ಪುರವಣಿ' ಅಂತ ಸಣ್ಣದಾಗಿ ಬರೆದಿದ್ದರೆ, ಅದು ಯಾರೋ ದುಡ್ಡು ಕೊಟ್ಟು ಹಾಕಿಸಿದ್ದು. ಕನ್ನಡಕ ಹಾಕಿಕೊಂಡು ಮೂಲೆ ನೋಡಿ.

ಟಿವಿ: ಅಂಗಡಿಯೂ ಅವರದ್ದೇ, ರಸ್ತೆಯೂ ಅವರದ್ದೇ

ಮನೆಯಲ್ಲಿ ಧಾರಾವಾಹಿ ಯಾವ ಚಾನೆಲಿನದ್ದು ಅನ್ನುವ ಜಗಳ ನಡೆಯುತ್ತಿರುತ್ತದೆ. ಆದರೆ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎರಡೂ ಈಗ ಒಂದೇ ಮನೆ. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಟಿವಿ ವ್ಯವಹಾರ ಸೇರಿ ಜಿಯೋಸ್ಟಾರ್ ಆಯಿತು. ಕಲರ್ಸ್ ಕನ್ನಡ 2000ದಲ್ಲಿ ಈಟಿವಿ ಕನ್ನಡ ಆಗಿ ಹುಟ್ಟಿ 2015ರಲ್ಲಿ ಹೆಸರು ಬದಲಿಸಿಕೊಂಡದ್ದು. ಜೀ ಕನ್ನಡ ಜೀ ಕಂಪನಿಯದ್ದು. ಉದಯ ಚೆನ್ನೈನ ಸನ್ ಗುಂಪಿನದ್ದು, 1994ರಿಂದ ಇದೆ. ಕಸ್ತೂರಿಯನ್ನು ಶುರು ಮಾಡಿದ್ದು ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬ. ಪಬ್ಲಿಕ್ ಟಿವಿ 2012ರಲ್ಲಿ ಪತ್ರಕರ್ತ ಎಚ್.ಆರ್. ರಂಗನಾಥ್ ಶುರು ಮಾಡಿದ್ದು.

ಹಾಗೆಯೇ ಚಾನೆಲ್ ಮುಟ್ಟಿಸುವ ದಾರಿಯನ್ನೂ ನೋಡಿ. ಸನ್ ಡೈರೆಕ್ಟ್ ಡಿಶ್ ಉದಯ ಟಿವಿಯ ಬಳಗದ್ದೇ. ಜಿಯೋ ಫೈಬರ್, ಜಿಯೋಹಾಟ್‌ಸ್ಟಾರ್, ನ್ಯೂಸ್18 ಕನ್ನಡ, ಕಲರ್ಸ್, ಸ್ಟಾರ್ ಸುವರ್ಣ ಎಲ್ಲ ರಿಲಯನ್ಸ್ ಸುತ್ತಲಿನವು. ಭತ್ತ ಬೆಳೆಯುವವನೇ ಮಿಲ್ಲು ಇಟ್ಟು, ಅಂಗಡಿಯನ್ನೂ ತೆರೆದ ಹಾಗೆ. ಅಕ್ಕಿ ಚೆನ್ನಾಗಿರಬಹುದು. ಬೇರೆಯವರ ಅಕ್ಕಿ ಕಣ್ಣಿಗೆ ಬೀಳುವ ಜಾಗದಲ್ಲಿ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಸುದ್ದಿ ಚಾನೆಲ್‌ಗಳಲ್ಲಿ ಕೊಡಗು ಯಾಕೆ ಕಾಣುವುದಿಲ್ಲ ಅಂತ ಎಲ್ಲರ ದೂರು. ಗುಡ್ಡ ಜಾರಿದರೆ, ಆನೆ ತುಳಿದರೆ, ರಾಜಾಸೀಟಿನಲ್ಲಿ ಮಂಜು ಬಿದ್ದರೆ ಮಾತ್ರ ನಾವು ಸುದ್ದಿ. ಲೆಕ್ಕ ಸರಳ. ಬಹಳಷ್ಟು ಸುದ್ದಿ ಚಾನೆಲ್‌ಗಳ ಹೊಟ್ಟೆ ತುಂಬುವುದು ಜಾಹೀರಾತಿನಿಂದ, ಜಾಹೀರಾತು ಬರುವುದು ಟಿಆರ್‌ಪಿಯಿಂದ. ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್ ಇರುವುದು ಇಡೀ ದೇಶದಲ್ಲಿ ಆಯ್ದ ಕೆಲವು ಮನೆಗಳಲ್ಲಿ. ಕೊಡಗಿನ ಜನಸಂಖ್ಯೆ 2011ರ ಜನಗಣತಿಯಲ್ಲಿ 5,54,519, ರಾಜ್ಯದಲ್ಲೇ ಎಲ್ಲಕ್ಕಿಂತ ಕಡಿಮೆ. ನಾವು ಇಡೀ ಜಿಲ್ಲೆ ಕೂತು ನೋಡಿದರೂ ಸೋಪಿನ ಕಂಪನಿಗೆ ಅದು ಬೆಂಗಳೂರಿನ ಒಂದೆರಡು ಬಡಾವಣೆ ಅಷ್ಟೆ.

ಕೇಬಲ್ಲೋ, ಡಿಶ್ಶೋ, ಫ್ರೀ ಡಿಶ್ಶೋ

ಡಿಶ್ ಬೇಕೆಂದರೆ ಮನೆಯ ಆಗ್ನೇಯ ದಿಕ್ಕಿಗೆ ಆಕಾಶ ತೆರೆದಿರಬೇಕು. ಅಲ್ಲಿ ಸಿಲ್ವರ್ ಓಕ್ ಸಾಲು ಇದ್ದರೆ ಆಸೆ ಬಿಡಿ, ಇಲ್ಲವೇ ಮಾಡಿನ ತುದಿಗೆ ಏರಿಸಿ. ಜುಲೈನಲ್ಲಿ ಕಪ್ಪು ಮೋಡ ಕವಿದು ಮಳೆ ಹೊಡೆದರೆ ಪರದೆ ನಿಲ್ಲುತ್ತದೆ. ಎಷ್ಟು ದುಬಾರಿ ಪ್ಯಾಕೇಜ್ ತೆಗೆದುಕೊಂಡರೂ ಮಳೆಗೆ ಅದು ಗೊತ್ತಾಗುವುದಿಲ್ಲ. ಪೇಟೆಯಿಂದ ದೂರ, ಒಂಟಿ ಮನೆ ಅಂದರೆ ಮಾತ್ರ ಬೇರೆ ದಾರಿ ಇಲ್ಲ.

ಒಂದು ಡಿಶ್ ಕಂಪನಿ ನನಗೆ ಮಾಡಿದ್ದು ಹೇಳುತ್ತೇನೆ, ಹೆಸರು ಬೇಡ. ನಾನು ಕೇಳದ ಕ್ರೀಡಾ ಚಾನೆಲ್‌ಗಳ ಗುಚ್ಛ ಸೇರಿಸಿ ಎಂಟು ತಿಂಗಳು ದುಡ್ಡು ಕಳೆದಿದ್ದರು. ರೀಚಾರ್ಜ್ ಬೇಗ ಮುಗಿಯುತ್ತಿದೆ ಅಂತ ಅಮ್ಮ ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ ನಿಯಮ 2019ರಿಂದ ಜಾರಿಗೆ ಬಂದ ಮೇಲೆ ಬೇಕಾದ ಚಾನೆಲನ್ನು ಬಿಡಿಬಿಡಿಯಾಗಿ ಆರಿಸಬಹುದು. ಪ್ರತಿ ಚಾನೆಲಿನ ಬೆಲೆ ಪರದೆಯ ಮೇಲೇ ನೋಡಬಹುದು. ಆದರೂ ಗುಚ್ಛದ ಬೆಲೆ ಹೇಗೆ ಇಟ್ಟಿರುತ್ತಾರೆ ಅಂದರೆ, ಬಿಡಿಯಾಗಿ ಕೊಳ್ಳುವವನೇ ಪೆದ್ದ ಅನ್ನಿಸಬೇಕು.

ಕೇಬಲ್‌ಗೆ ಮಳೆ ಮೋಡದ ಹೆದರಿಕೆ ಇಲ್ಲ, ಮರದ ಹೆದರಿಕೆ ಇದೆ. ನಮ್ಮಲ್ಲಿ ತಂತಿ ತೋಟದೊಳಗೆ ಮರದಿಂದ ಮರಕ್ಕೆ ಹೋಗಿರುತ್ತದೆ. ಗಾಳಿಗೆ ಒಂದು ಕೊಂಬೆ ಬಿದ್ದರೆ ಅರ್ಧ ಊರಿನ ಟಿವಿ ಬಂದ್. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಸಮಯದಲ್ಲಿ ಕೆಲಸದವರ ಕತ್ತಿಗೆ ಸಿಕ್ಕಿದ್ದೂ ಉಂಟು. ಆದರೆ ಕೇಬಲ್ ಹುಡುಗ ನಿಮ್ಮ ಊರಿನವನು. ಫೋನ್ ಮಾಡಿದರೆ ಸಂಜೆಯೊಳಗೆ ಏಣಿ ತಂದು ಸರಿ ಮಾಡುತ್ತಾನೆ. ಇಬ್ಬರೂ ತಾವೇ ಬೇರೆ ಹಂಚಿಕೆ ಒಪ್ಪಿಕೊಳ್ಳದಿದ್ದರೆ, ಟ್ರಾಯ್‌ನ ಪ್ರಮಾಣಿತ ಒಪ್ಪಂದದ ಪ್ರಕಾರ ನೀವು ಕಟ್ಟುವ ಸಂಪರ್ಕ ಶುಲ್ಕದಲ್ಲಿ ಶೇ 45 ಆ ಸ್ಥಳೀಯ ಆಪರೇಟರಿಗೆ, ಶೇ 55 ಮೇಲಿನ ದೊಡ್ಡ ಕಂಪನಿಗೆ. ಊರಿನ ಹಬ್ಬ, ಹಾಕಿ ಪಂದ್ಯ, ದೇವಸ್ಥಾನದ ಉತ್ಸವ ತೋರಿಸುವ ಸ್ಥಳೀಯ ಚಾನೆಲ್ ಸಿಗುವುದೂ ಕೇಬಲ್ಲಿನಲ್ಲೇ. ಅಂಗಡಿಗಳ ಜಾಹೀರಾತಿನಲ್ಲೇ ಅವು ನಡೆಯುತ್ತವೆ. ಪೇಟೆಗೆ ಹತ್ತಿರ ಇದ್ದರೆ ನನ್ನ ಮತ ಕೇಬಲ್ಲಿಗೆ.

ದೂರದರ್ಶನದ ಫ್ರೀ ಡಿಶ್ ಮೂರನೆಯದು. ಒಮ್ಮೆ ತಟ್ಟೆ, ಪೆಟ್ಟಿಗೆ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಚಂದನ ಸಿಗುತ್ತದೆ. ಖಾಸಗಿ ಚಾನೆಲ್‌ಗಳು ಅದರಲ್ಲಿ ಕಾಣಿಸಿಕೊಳ್ಳಲು ಹರಾಜಿನಲ್ಲಿ ದುಡ್ಡು ಕಟ್ಟಬೇಕು, ಹಾಗಾಗಿ ಹಿಂದಿಯವೇ ಜಾಸ್ತಿ. ಅಮ್ಮನಿಗೆ ದಿನಾ ಧಾರಾವಾಹಿ ಬೇಕು ಅಂದರೆ ಇದು ಆಗದು. ಲೈನ್ ಮನೆಗೆ, ಅಥವಾ ವರ್ಷದಲ್ಲಿ ಎರಡು ತಿಂಗಳು ಬಂದು ಹೋಗುವ ಮನೆಗೆ ಸರಿಯಾಗಿ ಹೊಂದುತ್ತದೆ. ಚಂದನದ ಸುದ್ದಿಯಲ್ಲಿ ಕಿರುಚಾಟ ಇರುವುದಿಲ್ಲ. ಸರ್ಕಾರವನ್ನು ಕೆಣಕುವುದೂ ಇರುವುದಿಲ್ಲ. ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಹಣದ ದೊಡ್ಡ ಪಾಲು ಬರುವುದು ಕೇಂದ್ರದಿಂದಲೇ ತಾನೆ.

ಫೈಬರ್ ಮತ್ತು ಫೋನಿನ ಬಗ್ಗೆ ಒಂದೇ ಮಾತು: ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಳೆಗಾಲದಲ್ಲೂ ಸಿಗ್ನಲ್ ಬಂದರೆ ಮಾತ್ರ ಯೋಚಿಸಿ.

ರೇಡಿಯೊ ಬಿಟ್ಟರೆ ತಪ್ಪಾಗುತ್ತದೆ. ಮಡಿಕೇರಿ ಆಕಾಶವಾಣಿ, 103.1 ಎಫ್‌ಎಂ. ಕೊಡವರ ಭಾಷೆ ಕೊಡವ ತಕ್ಕ್ ಕೇಳುತ್ತದೆ, ಅರೆಭಾಷೆಯೂ ಕೇಳುತ್ತದೆ. ಯಾವ ಖಾಸಗಿ ಚಾನೆಲ್ಲೂ ಇಷ್ಟು ಸಣ್ಣ ಭಾಷೆಗಳಿಗೆ ದಿನಾ ಸಮಯ ಕೊಡಲಾರದು, ಗಿಟ್ಟುವುದಿಲ್ಲ. ಹಿಂದೆ ಅಜ್ಜ ರೇಡಿಯೊಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದರು. ಈಗ ಅದೂ ಇಲ್ಲ. 2018ರಲ್ಲಿ ನಮ್ಮ ಮನೆಯಲ್ಲಿ ಐದು ದಿನ ಕರೆಂಟ್ ಇರಲಿಲ್ಲ, ಫೋನ್ ಸತ್ತಿತ್ತು. ಟಾರ್ಚಿನಿಂದ ಸೆಲ್ ತೆಗೆದು ರೇಡಿಯೊಗೆ ಹಾಕಿ ಕೇಳಿದೆವು. ಯಾವ ರಸ್ತೆ ಮುಚ್ಚಿದೆ ಅಂತ ಗೊತ್ತಾದದ್ದು ಅದರಲ್ಲಿ.

ಕೊನೆಗೆ ತಂಗಿ ಏನು ಮಾಡಿದಳು ಅಂದರೆ, ಮಡಿಕೇರಿಯ ಪೇಪರ್ ಒಂದು, ಮೈಸೂರಿನಿಂದ ಬರುವ ರಾಜ್ಯದ ಪೇಪರ್ ಒಂದು ಹಾಕಿಸಿದಳು. ಎರಡೂ ಬೇರೆ ಬೇರೆ ಮನೆಯವು ಅಂತ ಬುಡದ ಸಾಲು ಓದಿ ನೋಡಿಕೊಂಡಳಂತೆ. ಅವಳ ಮನೆ ಪೇಟೆಯಿಂದ ಒಳಗೆ, ಹಾಗಾಗಿ ಕೇಬಲ್ ಬರಲಿಲ್ಲ. ಡಿಶ್ ಹಾಕಿಸಿ, ಕೇಳಿದ ಚಾನೆಲ್ ಮಾತ್ರ ಇಟ್ಟುಕೊಂಡಳು. ಪೇಪರ್ ಒದ್ದೆಯಾಗದ ಹಾಗೆ ಗೇಟಿಗೆ ಪಿವಿಸಿ ಪೈಪಿನ ತುಂಡು ಕಟ್ಟಿದ್ದಾಳೆ. ನಿನ್ನೆ ಮತ್ತೆ ಫೋನ್ ಬಂತು, ಏಳು ಗಂಟೆಯಾದರೂ ಪೈಪು ಖಾಲಿ ಅಂತ. ಪೇಪರ್ ಹುಡುಗನ ನಂಬರ್ ಕೊಟ್ಟೆ. ಬೈಕ್ ಮೇಲಿರುವಾಗ ಅವನು ಫೋನ್ ಎತ್ತುವುದಿಲ್ಲ ಅಂತಲೂ ಹೇಳಿದೆ. ದಾರಿಯಲ್ಲಿ ಆನೆ ಇತ್ತಂತೆ, ಎಂಟಕ್ಕೆ ತಂದುಕೊಟ್ಟ.